475 ಬಂತು, 511 ಅಂತ ಬರೀಲಿಲ್ಲ: ಒಂದು ಗಾಮಾ ಕಿರಣದ ಕತೆ

ಹೈದರಾಬಾದ್‌ನಲ್ಲಿ ಇರೋರು ಇ.ಸಿ.ಐ.ಎಲ್. ಹತ್ತಿರದ ಟಿ.ಐ.ಎಫ್.ಆರ್. ಬಲೂನ್ ಕೇಂದ್ರದ ಹೆಸರು ಕೇಳಿರಬಹುದು. ಸ್ಯಾಟಲೈಟ್ ಇರುವಾಗ ಬಲೂನ್ ಯಾಕೆ ಅಂತ ಅನ್ನಿಸೋದು ಸಹಜ. ಇದಕ್ಕೆ ನನಗೆ ಇಷ್ಟವಾದ ಉತ್ತರ ಸಿಕ್ಕಿದ್ದು ಅರ್ಜೆಂಟೀನಾದ ಒಂದು ಕತೆಯಲ್ಲಿ.

ಆಕಾಶದಿಂದ ಬರೋ ಗಾಮಾ ಕಿರಣಗಳನ್ನು ವಾತಾವರಣವೇ ನುಂಗಿಬಿಡುತ್ತೆ. ಅದು ನಮ್ಮ ಪುಣ್ಯ, ಖಗೋಳ ವಿಜ್ಞಾನಿಗಳ ಕರ್ಮ! ಬಲೂನಿಗೆ ಡಿಟೆಕ್ಟರ್ ಕಟ್ಟಿ ಸುಮಾರು 40 ಕಿಲೋಮೀಟರ್ ಮೇಲಕ್ಕೆ ಕಳಿಸಿದರೆ ಶೇಕಡಾ 99ಕ್ಕೂ ಹೆಚ್ಚು ಗಾಳಿ ಕೆಳಗೇ ಉಳಿಯುತ್ತೆ. ಕೆಲಸ ಮುಗಿದ ಮೇಲೆ ಡಿಟೆಕ್ಟರ್ ಪ್ಯಾರಾಚೂಟಿನಲ್ಲಿ ಇಳಿಯುತ್ತೆ. ರಿಪೇರಿ ಮಾಡಿ ಮತ್ತೆ ಹಾರಿಸಬಹುದು. ಸ್ಯಾಟಲೈಟಿಗೆ ಈ ಭಾಗ್ಯ ಇಲ್ಲ.

1970ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜಾನ್ಸನ್, ಹಾರ್ನ್‌ಡೆನ್, ಹೇಮ್ಸ್ ತಂಡ ಅರ್ಜೆಂಟೀನಾದಿಂದ ಬಲೂನ್ ಹಾರಿಸಿತು. ನಮ್ಮ ಗೆಲಾಕ್ಸಿಯ ನಡುಭಾಗ ದಕ್ಷಿಣ ಗೋಳಾರ್ಧದಲ್ಲಿ ನೆತ್ತಿಯ ಹತ್ತಿರ ಬರುತ್ತೆ, ಅದಕ್ಕೇ ಅಷ್ಟು ದೂರ ಹೋದದ್ದು. ಅಲ್ಲಿಂದ ಬರೋ ಗಾಮಾ ಕಿರಣಗಳಲ್ಲಿ ಒಂದು ಉಬ್ಬು ಕಾಣಿಸಿತು, ಸುಮಾರು 475 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ.

ಇಲ್ಲೇ ತಲೆನೋವು ಶುರು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಸೇರಿ ನಾಶವಾದರೆ 511 ಬರಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅಳತೆಯ ದೋಷದ ಮಿತಿ ಸೇರಿಸಿದರೂ ಇವರ ಸಂಖ್ಯೆ 511 ಮುಟ್ಟಲಿಲ್ಲ. "ಬಹುಶಃ 511 ಇರಬೇಕು" ಅಂತ ಅಡ್ಜಸ್ಟ್ ಮಾಡಬಹುದಿತ್ತು, ಅಲ್ವಾ? ಮಾಡಲಿಲ್ಲ. ಬಂದದ್ದನ್ನೇ ಪ್ರಕಟಿಸಿದರು. ನ್ಯೂಟ್ರಾನ್ ನಕ್ಷತ್ರದ ಗುರುತ್ವದಿಂದ ಶಕ್ತಿ ಕಡಿಮೆಯಾಗಿದೆಯಾ ಅನ್ನೋವರೆಗೂ ಚರ್ಚೆ ಹೋಯಿತು.

1973ರಲ್ಲಿ ಲೆವೆಂತಾಲ್ ಬೇರೆ ದಾರಿ ತೋರಿಸಿದರು. ಅವರು ಇದ್ದದ್ದು ನಮ್ಮ ಯೂನಿಕ್ಸ್ ಹುಟ್ಟಿದ ಅದೇ ಬೆಲ್ ಲ್ಯಾಬ್ಸ್‌ನಲ್ಲಿ. ಎಲೆಕ್ಟ್ರಾನ್, ಪಾಸಿಟ್ರಾನ್ ನಾಶವಾಗೋ ಮುಂಚೆ ಕ್ಷಣಕಾಲ ಜೋಡಿಯಾಗಬಹುದು. ಅದೇ ಪಾಸಿಟ್ರೋನಿಯಂ. ನಾಲ್ಕರಲ್ಲಿ ಮೂರು ಪಾಲು ಜೋಡಿಗಳು ಮೂರು ಫೋಟಾನ್‌ಗಳಾಗಿ ಒಡೆಯುತ್ತವೆ, ಪ್ರತಿಯೊಂದರ ಶಕ್ತಿಯೂ 511ಕ್ಕಿಂತ ಕಡಿಮೆ. ಸೋಡಿಯಂ ಅಯೊಡೈಡ್ ಡಿಟೆಕ್ಟರ್‌ನ ರೆಸಲ್ಯೂಶನ್ ಸಾಲದೆ ಎರಡೂ ಒಂದೇ ಉಬ್ಬಾಗಿ ಕಂಡು, ತುದಿ ಕೆಳಕ್ಕೆ ಸರಿದಿತ್ತು. ಹಳೇ ಫೋನಿನ ಕ್ಯಾಮೆರಾದಲ್ಲಿ ಬಸ್ ಬೋರ್ಡ್ ಜೂಮ್ ಮಾಡಿದ ಹಾಗೆ.

1977ರ ನವೆಂಬರ್‌ನಲ್ಲಿ ಲೆವೆಂತಾಲ್, ಸಾಂಡಿಯಾದ ಮೆಕ್ಯಾಲಂ ಮತ್ತು ಸ್ಟಾಂಗ್ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಿಂದ ಜರ್ಮೇನಿಯಂ ಡಿಟೆಕ್ಟರ್ ಹಾರಿಸಿದರು. ರೆಸಲ್ಯೂಶನ್ ಎಷ್ಟೋ ಪಟ್ಟು ಉತ್ತಮ. ಗೆರೆ ಸ್ಪಷ್ಟವಾಗಿ 511ರಲ್ಲೇ ಸಿಕ್ಕಿತು, ಪಾಸಿಟ್ರೋನಿಯಂ ಗುರುತೂ ಜೊತೆಗೇ ಇತ್ತು.

ಆ ಪಾಸಿಟ್ರಾನ್‌ಗಳು ಎಲ್ಲಿಂದ ಬರುತ್ತವೆ ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ. 2016ರಲ್ಲಿ ಕೋಸಿ ಅನ್ನೋ ಬಲೂನ್ ದೂರದರ್ಶಕ ನ್ಯೂಜಿಲೆಂಡಿನಿಂದ ಹೊರಟು 46 ದಿನ ಹಾರಿ ಪೆರುವಿನಲ್ಲಿ ಇಳಿಯಿತು. ಅದೂ ಈ ಗೆರೆ ನೋಡಿತು.

ಟೆಸ್ಟ್ ಫೇಲಾದಾಗ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂನೇ ಬದಲಾಯಿಸೋ ಆಸೆ ನಮಗೆಲ್ಲ ಗೊತ್ತಿರೋದೇ. ರೈಸ್ ತಂಡ 475 ಅಂತ ಬರೆದದ್ದರಿಂದಲೇ ಲೆವೆಂತಾಲ್‌ಗೆ ಬಿಡಿಸೋಕೆ ಒಂದು ಒಗಟು ಸಿಕ್ಕಿದ್ದು. ಮುಂದಿನ ವಿಡಿಯೋದಲ್ಲಿ ಸಿಗೋಣ.