ತರಬೇತಿ ಮುಗಿದ ಮೇಲೆ ಏನು?



‘ಸರಕಾರದ ತರಬೇತಿಗೆ ಹೋದರೆ ಸಿಗೋದು ಒಂದು ಸರ್ಟಿಫಿಕೇಟು, ಅಷ್ಟೇ’ ಎಂಬ ಮಾತು ನಮ್ಮ ಸಂಘದ ಜಗಲಿಯಲ್ಲಿ ಆಗಾಗ ಕೇಳಿಬರುತ್ತದೆ. ಇದು ಎಷ್ಟು ನಿಜ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1979ರ ಆಗಸ್ಟ್ 15ರಂದು ಕೇಂದ್ರ ಸರಕಾರ ‘ಟ್ರೈಸೆಮ್’ ಯೋಜನೆ ತಂದಿತು. ಹಳ್ಳಿಯ ಬಡ ಕುಟುಂಬಗಳ 18ರಿಂದ 35 ವರ್ಷದವರಿಗೆ ಕಸುಬು ಕಲಿಸಿ ಸ್ವಂತ ಉದ್ಯೋಗಕ್ಕೆ ಹಚ್ಚುವುದು ಇದರ ಉದ್ದೇಶ. ಐ.ಟಿ.ಐ.ಗಳಲ್ಲಿಯೂ ನುರಿತ ಕಸುಬುದಾರರ ಕೈಕೆಳಗೂ ತರಬೇತಿ ನಡೆಯಿತು. ಕಲಿಯುವಾಗ ಸ್ಟೈಪೆಂಡು, ಉಪಕರಣಗಳು, ಆಮೇಲೆ ಐ.ಆರ್.ಡಿ.ಪಿ. ಸಾಲ. ಕಾಗದದ ಮೇಲೆ ಏನೂ ಕಮ್ಮಿ ಇರಲಿಲ್ಲ. ಆದರೆ ಕಲಿಸುವವರು ಒಬ್ಬರು, ಸಾಲ ಕೊಡುವವರು ಇನ್ನೊಬ್ಬರು. ಸಾಲ ಕೈಗೆ ಬರುವಷ್ಟರಲ್ಲಿ ಕಲಿತದ್ದು ಮರೆತಿರುತ್ತಿತ್ತು. ಒಂದು ಊರಿಗೆ ಎಷ್ಟು ಟೈಲರು ಬೇಕು ಎಂದು ಲೆಕ್ಕ ಹಾಕಿದವರೂ ಕಡಿಮೆ. ಸ್ಟೈಪೆಂಡಿಗಾಗಿಯೇ ಜನ ಹೆಸರು ಬರೆಸುತ್ತಾರೆಂಬ ದೂರೂ ಇತ್ತು. (ಬಡವನಿಗೆ ಆ ದುಡ್ಡೂ ದೊಡ್ಡದೇ, ನಾನಂತೂ ತಪ್ಪು ಅನ್ನಲಾರೆ.) 1999ರ ಏಪ್ರಿಲ್ 1ರಿಂದ ಟ್ರೈಸೆಮ್, ಐ.ಆರ್.ಡಿ.ಪಿ. ಎರಡೂ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯೊಳಗೆ ಸೇರಿಹೋದವು.

ಈ ನಡುವೆ 1982ರಲ್ಲಿ ನಮ್ಮ ರಾಜ್ಯದ ಉಜಿರೆಯಲ್ಲಿ ಬೇರೊಂದು ದಾರಿ ಹುಟ್ಟಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ‘ರುಡ್‌ಸೆಟ್’ ಸಂಸ್ಥೆ ಕಟ್ಟಿದವು. ಊಟ, ವಸತಿ ಸಮೇತ ಎಲ್ಲವೂ ಉಚಿತ. ಬ್ಯಾಂಕಿನ ಅಧಿಕಾರಿಯೇ ಅಲ್ಲಿ ನಿರ್ದೇಶಕರಾದ್ದರಿಂದ ಸಾಲದ ಮಾತು ಮೊದಲ ದಿನದಿಂದಲೇ ಶುರು. ಕಸುಬಿನ ಜೊತೆಗೆ ಧೈರ್ಯವನ್ನೂ ಕಲಿಸುತ್ತಾರೆ. ಗೂಟಕ್ಕೆ ರಿಂಗು ಎಸೆಯುವ ಆಟ ಆಡಿಸಿ, ಎಷ್ಟು ದೂರ ನಿಂತು ಎಸೆಯಬೇಕೆಂಬುದನ್ನು ಅವರವರಿಗೇ ಬಿಡುತ್ತಾರೆ. ತೀರಾ ಹತ್ತಿರ ನಿಂತರೆ ಲಾಭವಿಲ್ಲ, ತೀರಾ ದೂರ ನಿಂತರೆ ಬೀಳುವುದಿಲ್ಲ. ವ್ಯಾಪಾರವೂ ಹಾಗೇ ಅಲ್ಲವೇ! ಎಲ್ಲಕ್ಕಿಂತ ದೊಡ್ಡದು, ಕಲಿತು ಹೋದವರ ಬೆನ್ನಿಗೆ ಎರಡು ವರ್ಷ ನಿಂತು ವಿಚಾರಿಸುತ್ತಾರೆ. ಟ್ರೈಸೆಮ್‌ನಲ್ಲಿ ಇಲ್ಲದ್ದು ಇದೇ ಎಂದು ನನ್ನ ಅಭಿಪ್ರಾಯ.

ಈ ಮಾದರಿಯನ್ನು ನೋಡಿಯೇ ಕೇಂದ್ರ ಸರಕಾರ ಜಿಲ್ಲೆಗೊಂದು ‘ಆರ್‌ಸೆಟಿ’ ಮಾಡಲು ಹೊರಟಿತು. ಕಟ್ಟಡಕ್ಕೆ ಸರಕಾರದ ಅನುದಾನ, ನಡೆಸುವುದು ಬ್ಯಾಂಕು, ಬಡವರ ತರಬೇತಿ ಖರ್ಚು ಸರಕಾರದ್ದು. ಇತ್ತ 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯೂ ಬಂತು. ಅದರಲ್ಲಿ ಸರ್ಟಿಫಿಕೇಟು ಪಡೆದವರೆಷ್ಟು, ಕೆಲಸ ಹಿಡಿದವರೆಷ್ಟು ಎಂಬ ಹಳೇ ಪ್ರಶ್ನೆಯೇ ಮತ್ತೆ ಎದ್ದಿದೆ.

ಇನ್ನು ನಮ್ಮ ಸಂಘದ ವಿಚಾರ. ನಾವು ಪಹಣಿ ನೋಡಿ ಬೆಳೆಸಾಲ ಕೊಡುತ್ತೇವೆ. ಮೋಟಾರ್ ರಿವೈಂಡಿಂಗ್ ಕಲಿತು ಬಂದ ಭೂಮಿಯಿಲ್ಲದ ಹುಡುಗ ಪಹಣಿ ಎಲ್ಲಿಂದ ತರಬೇಕು? ಅಂಥವರಿಗೆ ಕಸುಬಿನ ಸಾಲ ಕೊಡುವ ಬಗ್ಗೆ ಮುಂದಿನ ಮಹಾಸಭೆಯಲ್ಲಿ ವಿಷಯ ಮಂಡಿಸುವವನಿದ್ದೇನೆ. ಸದಸ್ಯರು ತಪ್ಪದೆ ಬರಬೇಕು.