ಕಣ್ಣಿಲ್ಲದ ತೋಳಜೇಡ

ಜೇಡರ ಹುಳುವಿಗೆ ಸಾಮಾನ್ಯವಾಗಿ ಎಂಟು ಕಣ್ಣು. ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ತೋಳಜೇಡಗಳ ಕುಟುಂಬವಂತೂ ಕಣ್ಣಿಗೇ ಹೆಸರಾದದ್ದು: ಮುಂದೆ ಸಾಲಾಗಿ ನಾಲ್ಕು ಚಿಕ್ಕವು, ಮೇಲೆ ಎರಡು ದೊಡ್ಡವು, ಹಿಂದೆ ಇನ್ನೆರಡು. ರಾತ್ರಿ ಹೊಲದ ಬದುವಿನಲ್ಲಿ ಬ್ಯಾಟರಿ ಬಿಟ್ಟರೆ ಹುಲ್ಲಿನಲ್ಲಿ ಇವು ಮಿಣಮಿಣನೆ ಹೊಳೆಯುತ್ತವೆ. ಇಂತಹ ಮನೆತನದಲ್ಲಿ ಒಂದು ಕಣ್ಣೂ ಇಲ್ಲದ ಜೀವಿ ಹುಟ್ಟಿದ ಕಥೆಯನ್ನು ವಾಚಕರ ಮುಂದಿಡಬೇಕೆಂದು ನಮ್ಮ ಆಸೆ.

ಗುಹೆಯ ಕುರುಡು ಜೇಡ ಯೂರೋಪಿನವರಿಗೆ ಹೊಸದಲ್ಲ. ಇಂದಿನ ಸ್ಲೊವೇನಿಯದ ಪೋಸ್ತೊಯ್ನಾ ಗುಹೆಯ ಅಂತಹದೊಂದನ್ನು ಡೆನ್ಮಾರ್ಕಿನ ಶ್ಯೋಟೆ ಎಂಬವರು 1847ರಲ್ಲಿಯೇ ವರ್ಣಿಸಿದ್ದರು. ಮುಂದೆ ವಿದ್ವಾಂಸರಲ್ಲಿ ಒಂದು ನಂಬಿಕೆ ಬೇರೂರಿತು. ಹಿಮಯುಗದ ಏರುಪೇರಿನಲ್ಲಿ ಗುಹೆ ಸೇರಿ ಅಲ್ಲೇ ಉಳಿದುಬಿಟ್ಟ ಪ್ರಾಣಿಗಳ ಸಂತತಿಯೇ ಈ ಕುರುಡರು; ಆದ್ದರಿಂದ ಉಷ್ಣವಲಯದಲ್ಲಿ, ಅದರಲ್ಲೂ ನಡುಗಡಲಿನ ಜ್ವಾಲಾಮುಖಿ ದ್ವೀಪಗಳಲ್ಲಿ ಇವು ಇರಲಾರವು ಎಂದು. ಇಲ್ಲವೆಂದು ಬರೆದಿಟ್ಟದ್ದನ್ನು ಯಾರು ಹುಡುಕಲು ಹೋದಾರು? ಕಡತಗಳ ನಡುವೆ ದಿನ ಕಳೆಯುವ ನಮಗೆ ಈ ನ್ಯಾಯ ಚೆನ್ನಾಗಿ ಗೊತ್ತು.

1971ರಲ್ಲಿ ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನ ಫ್ರಾಂಕ್ ಹೋವಾರ್ಥ್ ಹವಾಯಿಯ ಲಾವಾ ಸುರಂಗಗಳಿಗೆ ಇಳಿದರು. ಲಾವಾ ಹರಿಯುವಾಗ ಮೇಲ್ಪದರ ಆರಿ ಗಟ್ಟಿಯಾಗುತ್ತದೆ. ಒಳಗಿನದು ಹರಿದುಹೋಗಿ ಟೊಳ್ಳು ಉಳಿಯುತ್ತದೆ. ಅಂತಹ ಟೊಳ್ಳುಗಳಲ್ಲಿ ಕುರುಡು ಜೀವಿಗಳ ಒಂದು ಪ್ರಪಂಚವೇ ಸಿಕ್ಕಿತು, ಹಳೆಯ ನಂಬಿಕೆ ಕುಸಿಯಿತು. ಕವಾಯಿ ದ್ವೀಪದ ಕೋಲೋವಾ ಪ್ರದೇಶದಲ್ಲಿ ಸಿಕ್ಕ ತೋಳಜೇಡಕ್ಕೆ ಅಮೆರಿಕದ ವಿಲ್ಲಿಸ್ ಗರ್ಟ್ಷ್ 1973ರಲ್ಲಿ ಅಡೆಲೊಕೋಸ ಅನಾಪ್ಸ್ ಎಂದು ಹೆಸರಿಟ್ಟರು. ಅನಾಪ್ಸ್ ಎಂದರೆ ಕಣ್ಣಿಲ್ಲದ್ದು. ಹವಾಯಿ ಭಾಷೆಯ ಹೆಸರಿನಲ್ಲಿ ಬರುವ ‘ಮಕ ಓಲೆ’ಗೂ ಅದೇ ಅರ್ಥ.

ದೇಹದ ಉದ್ದ ಎರಡು ಸೆಂಟಿಮೀಟರಿನೊಳಗೆ. ತಲೆ ಮತ್ತು ಎದೆ ಕೂಡಿದ ಮುಂಭಾಗ ಕೆಂಗಂದು, ಹೊಟ್ಟೆ ಬಿಳಿಚು, ಕಾಲುಗಳು ಮಾಸಲು ಕಿತ್ತಳೆ. ಪ್ರತಿ ದವಡೆಯ ಹಿಂದಂಚಿನಲ್ಲಿ ಮೂರು ದೊಡ್ಡ ಹಲ್ಲು. ಮುಂದಿನ ಎರಡು ಜೊತೆ ಕಾಲುಗಳ ಅಡಿಯಲ್ಲಿ ಜೋಡಿ ಮುಳ್ಳುಗಳು. ಕಾಲ್ತುದಿಗಳಲ್ಲಿ ರೇಷ್ಮೆಯೆಳೆಯಂತಹ ಅಸಾಧಾರಣ ಉದ್ದದ ಕೂದಲು. ಗಾಳಿಯ ಅತಿ ಸಣ್ಣ ಅಲುಗಾಟವನ್ನೂ ಇವು ತಿಳಿಸುತ್ತವೆ. ಬೆಳಕೇ ಇಲ್ಲದೆಡೆ ಇವುಗಳಿಗಿಂತ ಒಳ್ಳೆಯ ಕಣ್ಣು ಬೇಕೇ? ಹೊರಗಿನ ಹಲವು ಬಂಧುಗಳು ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತವೆ. ಇದು ಇಡುವುದು 15ರಿಂದ 30. ಮರಿಗಳು ಮಾತ್ರ ದೊಡ್ಡವು, ತಾಯ ಬೆನ್ನೇರಿ ಕೂರುವುದೂ ಕೆಲವೇ ದಿನ.

ಇದರ ಮುಖ್ಯ ಆಹಾರ ಸಿಗಡಿಯ ದೂರದ ಬಂಧುವಾದ ಒಂದು ಕುರುಡು ಗುಹಾಪ್ರಾಣಿ. ಅದು ತಿನ್ನುವುದು ಚಾವಣಿಯಿಂದ ಇಳಿದ ಬೇರುಗಳ ಕೊಳೆತ ಭಾಗ. ಅಂದರೆ ಮೇಲೆ ಗಿಡ ಕಡಿದರೆ ಕೆಳಗೆ ಜೇಡಕ್ಕೆ ಉಪವಾಸ. ಗಾಳಿಯ ತೇವ ಇಳಿದರಂತೂ ಪ್ರಾಣಕ್ಕೇ ಅಪಾಯ. ಇಡೀ ಜಗತ್ತಿನಲ್ಲಿ ಇದರ ತವರು ಕೋಲೋವಾ ಸುತ್ತಲಿನ, ಸುಮಾರು ಹತ್ತು ಚದರ ಕಿಲೋಮೀಟರಿನ ಲಾವಾ ನೆಲ. ಅಲ್ಲಿಯೂ ಬೆರಳೆಣಿಕೆಯ ಗುಹೆಗಳು. ದುರದೃಷ್ಟವೆಂದರೆ ಆ ನೆಲವೇ ಮನುಷ್ಯನಿಗೂ ಬೇಕಾಯಿತು. 1835ರಲ್ಲಿ ಅಲ್ಲಿ ಕಬ್ಬಿನ ತೋಟ ಬಂತು, ಆಮೇಲೆ ಹೋಟೆಲು, ಮನೆ, ಗಾಲ್ಫ್ ಮೈದಾನಗಳು, ಅವುಗಳ ಕೀಟನಾಶಕ. ಗುಹೆ ನೋಡಲು ಬಂದವನ ಸಿಗರೇಟಿನ ಹೊಗೆಯೂ ಇದಕ್ಕೆ ವಿಷವಾಗಬಲ್ಲದು. ನಿಕೋಟಿನ್ ಕೀಟನಾಶಕವೇ ತಾನೆ.

ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ್ದು 2000ದ ಜನವರಿಯಲ್ಲಿ, ನಾಮಕರಣವಾದ 27 ವರ್ಷಗಳ ನಂತರ. 2003ರಲ್ಲಿ 272 ಎಕರೆಯನ್ನು ಇದರ ಅಗತ್ಯ ನೆಲೆಯೆಂದು ಗುರುತಿಸಿದರು. ಜಮೀನಿನ ಒಡೆಯರ ಒಪ್ಪಿಗೆಯಿಂದ ಗುಹೆಯ ಬಾಯಿಗೆ ಕಂಬಿಬಾಗಿಲು ಹಾಕಿ, ಮೇಲೆ ಸ್ಥಳೀಯ ಗಿಡಗಳನ್ನು ನೆಡುವ ಕೆಲಸವೂ ನಡೆದಿದೆ. ಆ ಗಿಡಗಳ ಬೇರು ಲಾವಾ ಬಿರುಕುಗಳಲ್ಲಿ ಕೆಳಗಿಳಿದು ಚಾವಣಿಯನ್ನು ಮುಟ್ಟಬೇಕು.