ತೊಟ್ಟಿಲು ಮೇಲೇರಿದ ದಾರಿ

ಶಿರಸಿಯ ಮಾರಿಕಾಂಬಾ ಜಾತ್ರೆಯಿರಲಿ, ಬಾದಾಮಿಯ ಬನಶಂಕರಿ ಜಾತ್ರೆಯಿರಲಿ, ಮಕ್ಕಳ ಕಣ್ಣು ತೇರಿಗಿಂತ ಮೊದಲು ಹುಡುಕುವುದು ತೊಟ್ಟಿಲನ್ನು. ಕರ್ನಾಟಕದ ಎಷ್ಟೋ ಮಂದಿಗೆ ಬಾಲ್ಯದ ಮೊದಲ ದೊಡ್ಡ ಆಟವೆಂದರೆ ಜಾತ್ರೆಯ ಈ ಜಾಯಿಂಟ್ ವೀಲ್. ಅಪ್ಪನ ತೋಳು ಬಿಗಿಯಾಗಿ ಹಿಡಿದು ಕೂತದ್ದು, ತುದಿಗೆ ಹೋಗಿ ನಿಂತಾಗ ಇಡೀ ಜಾತ್ರೆ ಕಾಲಡಿ ಕಂಡದ್ದು, ಇಳಿಯುವಾಗ ಜೀವ ಬಾಯಿಗೆ ಬಂದದ್ದು, ಇಳಿದ ಮೇಲೆ ‘ಇನ್ನೊಂದೇ ಸಲ’ ಎಂದು ಹಟ ಹಿಡಿದದ್ದು. ಊರು ಬೇರೆಯಾದರೂ ನೆನಪು ಹೆಚ್ಚುಕಡಿಮೆ ಇದೇ.

ಈ ಸಂತೋಷಕ್ಕೆ ನಾಲ್ಕು ಶತಮಾನಗಳ ಲಿಖಿತ ದಾಖಲೆಯಿದೆ. 1620ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಹೊರಟ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ, ಇಂದಿನ ಬಲ್ಗೇರಿಯಾದ ಪ್ಲೋವ್‌ಡಿವ್ ಊರಿನಲ್ಲಿ ಹಬ್ಬದ ಆಟಗಳನ್ನು ಕಂಡು ಬರೆದಿಟ್ಟ. ನಿಂತ ಚಕ್ರ, ಅದರ ಅಂಚಿಗೆ ತೂಗುಬಿಟ್ಟ ಪುಟ್ಟ ಆಸನಗಳು, ಆಸನಗಳಲ್ಲಿ ಮಕ್ಕಳು. ಚಕ್ರ ಹೇಗೆ ತಿರುಗಿದರೂ ಕೂತವರು ನೆಟ್ಟಗೇ ಇರುತ್ತಿದ್ದರು. ನಮ್ಮ ಸಣ್ಣ ಜಾತ್ರೆಗಳಲ್ಲಿ ಕಾಣುವ ನಾಲ್ಕು ತೊಟ್ಟಿಲಿನ ಮರದ ಚಕ್ರವೂ ಇದೇ ಜಾತಿಯದು. ಅದಕ್ಕೆ ಎಂಜಿನ್ ಇಲ್ಲ. ಒಬ್ಬಾತ ನಿಂತು ಕೈಯಿಂದ ತಳ್ಳುತ್ತಾನೆ, ಕೈಯಿಂದಲೇ ತಡೆದು ನಿಲ್ಲಿಸುತ್ತಾನೆ. ಕೂಸು ಅಳತೊಡಗಿದರೆ ಅವನಿಗೆ ಕೇಳಿಸುತ್ತದೆ, ತಿರುಗುವುದು ನಿಧಾನವಾಗುತ್ತದೆ.

ಮರದ ಈ ಆಟ ಉಕ್ಕಿಗೆ ಬಂದು ಆಕಾಶಕ್ಕೇರಿದ್ದು 1893ರಲ್ಲಿ, ಅಮೆರಿಕದ ಶಿಕಾಗೊದಲ್ಲಿ. ಅಲ್ಲಿ ವಿಶ್ವ ಪ್ರದರ್ಶನ ನಡೆಯಬೇಕಿತ್ತು. ನಾಲ್ಕು ವರ್ಷ ಹಿಂದಷ್ಟೇ ಪ್ಯಾರಿಸ್ ಐಫೆಲ್ ಗೋಪುರ ನಿಲ್ಲಿಸಿ ಜಗತ್ತನ್ನು ಬೆರಗುಗೊಳಿಸಿತ್ತು. ಅದಕ್ಕೆ ಸರಿಸಾಟಿಯಾದುದು ಬೇಕೆಂದು ಪ್ರದರ್ಶನದ ನಿರ್ಮಾಣ ಕಾರ್ಯದ ಮುಖ್ಯಸ್ಥ ಡೇನಿಯಲ್ ಬರ್ನ್‌ಹ್ಯಾಮ್ ಎಂಜಿನಿಯರುಗಳನ್ನು ಕೆಣಕಿದ. ಸೇತುವೆಗಳ ಉಕ್ಕನ್ನು ಪರೀಕ್ಷಿಸುವ ಉದ್ಯೋಗದಲ್ಲಿದ್ದ ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್ ಚಕ್ರದ ನಕ್ಷೆ ಮುಂದಿಟ್ಟಾಗ, ಇಷ್ಟು ತೆಳುವಾದ ಕಡ್ಡಿಗಳ ಮೇಲೆ ಇಷ್ಟು ಭಾರ ನಿಲ್ಲುವುದೇ ಎಂಬ ಅನುಮಾನ ಎದ್ದಿತು. ಆದರೆ ಉಕ್ಕಿನ ಲೆಕ್ಕ ಫೆರಿಸ್‌ಗೆ ಗೊತ್ತಿತ್ತು. ಜೂನ್ 21ರಂದು ಚಕ್ರ ಜನರಿಗೆ ತೆರೆಯಿತು. ಎತ್ತರ 264 ಅಡಿ, 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಒಟ್ಟಿಗೆ 2,160 ಮಂದಿಯನ್ನು ಹೊತ್ತು ಅದು ತಿರುಗುತ್ತಿತ್ತು. ಟಿಕೆಟ್ 50 ಸೆಂಟ್. ಪ್ರದರ್ಶನ ಮುಗಿಯುವ ಹೊತ್ತಿಗೆ 14 ಲಕ್ಷಕ್ಕೂ ಹೆಚ್ಚು ಜನ ಅದನ್ನು ಹತ್ತಿದ್ದರು.

ಮೈಸೂರಿನವರಿಗೆ ಆ ಪ್ರದರ್ಶನದೊಂದಿಗೆ ಇನ್ನೊಂದು ನಂಟಿದೆ. ಅದರ ಅಂಗವಾಗಿಯೇ ಸರ್ವಧರ್ಮ ಸಮ್ಮೇಳನ ನಡೆದು, ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದರು. ಹಿಂದಿನ ವರ್ಷ ಮೈಸೂರಿಗೆ ಬಂದಿದ್ದ ಅವರನ್ನು ಆದರಿಸಿ, ಬೆಂಬಲವಾಗಿ ನಿಂತವರು ಚಾಮರಾಜೇಂದ್ರ ಒಡೆಯರು. ಮುಂದೆ ತಲೆಮಾರುಗಳ ಮಕ್ಕಳಿಗೆ ಮೊದಲ ಜಾಯಿಂಟ್ ವೀಲ್ ತೋರಿಸಿದ ಮೈಸೂರು ದಸರಾ ವಸ್ತುಪ್ರದರ್ಶನದ ಬೇರೂ ಇದೇ ಒಡೆಯರ ಕಾಲದ್ದು. ನಾಡಿನ ಹೊಸ ಹೊಸ ವಸ್ತುಗಳನ್ನು ಜನರಿಗೆ ಪರಿಚಯಿಸಬೇಕೆಂಬುದು ಅದರ ಉದ್ದೇಶವಾಗಿತ್ತು. ದೊಡ್ಡಕೆರೆ ಮೈದಾನದ ಇಂದಿನ ಪ್ರದರ್ಶನದಲ್ಲಿ ಮಕ್ಕಳು ನೇರ ಓಡುವುದು ಆಟಗಳ ಕಡೆಗೇ.

ಫೆರಿಸ್‌ನ ಬದುಕು ಮಾತ್ರ ಬೇಗ ಮುಗಿಯಿತು. 1896ರಲ್ಲಿ, 37ನೇ ವಯಸ್ಸಿಗೆ, ವಿಷಮಶೀತ ಜ್ವರದಿಂದ ಅವನು ಸತ್ತ. 1904ರಲ್ಲಿ ಸೇಂಟ್ ಲೂಯಿಸ್ ಮೇಳದಲ್ಲಿ ಇನ್ನೊಮ್ಮೆ ತಿರುಗಿದ ಅವನ ಚಕ್ರವನ್ನು 1906ರಲ್ಲಿ ಸಿಡಿಮದ್ದಿಟ್ಟು ಕೆಡವಿ ಗುಜರಿಗೆ ಹಾಕಿದರು.

ಗಾತ್ರ ದೊಡ್ಡದಾದಷ್ಟೂ ಭಯ ಹೆಚ್ಚೆಂದುಕೊಳ್ಳುವುದು ಸಹಜ. ನಿಜ ಅದಕ್ಕೆ ವಿರುದ್ಧ. ಚಕ್ರದ ತುದಿ ದಾಟುವ ಕ್ಷಣದಲ್ಲಿ ಆಸನ ನಮ್ಮನ್ನು ಮೇಲಕ್ಕೆ ಒತ್ತುವ ಬಲ ತಗ್ಗಿ ಮೈ ಹಗುರಾಗುತ್ತದೆ. ತಳ ಮುಟ್ಟುವಾಗ ಅದೇ ಬಲ ಹೆಚ್ಚಿ ಮೈ ಭಾರವಾಗುತ್ತದೆ. ಚಕ್ರ ಚಿಕ್ಕದಾಗಿ ಜೋರಾಗಿ ತಿರುಗಿದಷ್ಟೂ ಈ ಏರಿಳಿತ ತೀವ್ರ. 135 ಮೀಟರ್ ಎತ್ತರದ ಲಂಡನ್ ಐ ಒಂದು ಸುತ್ತಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿ ಹೊಟ್ಟೆಯಲ್ಲಿ ಕಚಗುಳಿಯಿಲ್ಲ, ನೋಟ ಮಾತ್ರ. ನಿಮಿಷಕ್ಕೆ ಹಲವು ಸುತ್ತು ಹೊಡೆಯುವ ನಮ್ಮ ಜಾತ್ರೆಯ ಚಕ್ರವೇ ಮೈ ನಡುಗಿಸುವುದರಲ್ಲಿ ಮೇಲು. ಅದನ್ನು ನಡೆಸುವವರ ಕಸುಬುಗಾರಿಕೆಯೂ ಗಮನಿಸತಕ್ಕದ್ದು. ಒಂದು ತೊಟ್ಟಿಲು ತುಂಬಿದ ಮೇಲೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಎದುರಿನದನ್ನು ತುಂಬುತ್ತಾರೆ. ಭಾರ ಎರಡು ಕಡೆಗೂ ಸಮನಾಗಬೇಕು. ಮೊದಲು ಹತ್ತಿದ ಮಗು ತುದಿಯಲ್ಲಿ ಗಾಳಿಗೆ ತೂಗುತ್ತಾ ಕಾಯಬೇಕಾಗುವುದು ಇದರಿಂದಲೇ.

ಭಾರತದಲ್ಲಿ ಆಟದ ಯಂತ್ರಗಳಿಗೆ ಕಾಯಂ ಜಾಗ ಸಿಕ್ಕಿದ್ದು ತಡವಾಗಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಿನಲ್ಲಿ 1984ರಲ್ಲಿ ಪ್ರಗತಿ ಮೈದಾನದ ಬಳಿ ಅಪ್ಪು ಘರ್ ತೆರೆಯಿತು. ಒಂದು ತಲೆಮಾರಿಗೆ ಮರೆಯಲಾಗದ ನೆನಪು ಕೊಟ್ಟ ಅದು 2008ರಲ್ಲಿ ಮುಚ್ಚಿತು. ಮುಂಬೈಯ ಎಸ್ಸೆಲ್ ವರ್ಲ್ಡ್ 1989ರದ್ದು. ವೋಲ್ಟೇಜ್ ಸ್ಟೆಬಿಲೈಸರ್ ಮಾಡಿ ಬೆಳೆದ ಕೇರಳದ ಉದ್ಯಮಿ ಕೊಚೌಸೆಫ್ ಚಿಟ್ಟಿಲಪಿಳ್ಳಿ 2000ದಲ್ಲಿ ಕೊಚ್ಚಿಯ ಹತ್ತಿರ ವೀಗಾಲ್ಯಾಂಡ್ ಕಟ್ಟಿ, 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಬಳಿ ವಂಡರ್‌ಲಾ ತೆರೆದರು. ಶಾಲಾ ಪ್ರವಾಸದ ಬಸ್ಸುಗಳಿಗೆ ಅದು ಹೊಸ ಊರಾಯಿತು.

ಅಲ್ಲಿ ಮಕ್ಕಳನ್ನು ಅಳೆಯುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಅಳತೆ ಕಂಬದ ಗೆರೆ ಮುಟ್ಟದ ಮಗುವಿಗೆ ದೊಡ್ಡ ಆಟಗಳಿಲ್ಲ. ಕಂಬದ ಪಕ್ಕ ತುದಿಗಾಲಲ್ಲಿ ನಿಂತು, ಸ್ವಲ್ಪದರಲ್ಲಿ ತಪ್ಪಿ ಕಣ್ಣೀರಿಟ್ಟ ಮಕ್ಕಳೆಷ್ಟೋ. ಆದರೆ ಆ ಗೆರೆಯ ಹಿಂದೆ ಗಟ್ಟಿ ಕಾರಣವಿದೆ: ಭುಜವನ್ನೋ ತೊಡೆಯನ್ನೋ ಬಿಗಿಹಿಡಿಯುವ ಸರಳು ದೊಡ್ಡ ಮೈಗೆ ಅಳತೆಯಾಗಿರುತ್ತದೆ, ಪುಟ್ಟ ಮೈ ಅದರ ಕೆಳಗೆ ಜಾರಿಹೋಗಬಲ್ಲದು. ಇಡೀ ಕಸುಬು ನಿಂತಿರುವುದು ಇದರ ಮೇಲೆ. ಭಯ ನಿಜವಾಗಿರಬೇಕು, ಅಪಾಯ ಇರಕೂಡದು.

ಈ ಮಾತು ತಪ್ಪಿದರೆ ಏನಾಗುತ್ತದೆಂಬುದು ನಮಗೆ ಗೊತ್ತಿದೆ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ, ಲೋಲಕದಂತೆ ತೂಗುವ ಯಂತ್ರವೊಂದು ಮುರಿದು ಬಿದ್ದು ಇಬ್ಬರು ಸತ್ತರು, ಅನೇಕರು ಗಾಯಗೊಂಡರು. ಒಂದೂರಲ್ಲಿ ಬಿಚ್ಚಿ ಇನ್ನೊಂದೂರಲ್ಲಿ ಕಟ್ಟುವ ಜಾತ್ರೆಯ ಚಕ್ರಕ್ಕೆ ಪ್ರತಿ ಸಲವೂ ಬೋಲ್ಟು, ಬೆಸುಗೆ, ಕೀಲುಗಳ ಪರೀಕ್ಷೆ ಇನ್ನೂ ಹೆಚ್ಚು ಬೇಕು. ಇಂಥ ಯಂತ್ರಗಳಿಗೆ ಭಾರತೀಯ ಮಾನಕ ಬ್ಯೂರೋ ಸುರಕ್ಷತೆಯ ಮಾನಕಗಳನ್ನು ರೂಪಿಸಿದೆ. ಜಾತ್ರೆಯ ಮೈದಾನ ಹರಾಜು ಹಾಕುವ ಪಂಚಾಯಿತಿ, ಪುರಸಭೆ, ದೇವಸ್ಥಾನ ಸಮಿತಿಗಳು ಹಣ ಎಣಿಸಿಕೊಳ್ಳುವ ಮೊದಲು ಎಂಜಿನಿಯರೊಬ್ಬರನ್ನು ಕರೆಸಿ ಚಕ್ರವನ್ನು ನೋಡಿಸಲಿ. ತಂದೆತಾಯಂದಿರು ಮಗುವನ್ನು ಕೂರಿಸುವ ಮುನ್ನ ತೊಟ್ಟಿಲಿನ ಸರಳು ಭದ್ರವಾಗಿ ಬೀಳುತ್ತದೆಯೇ ಎಂದು ಒಮ್ಮೆ ಕೈಯಿಂದ ಎಳೆದು ನೋಡಲಿ.